58.5 ಸೆಂ.ಮೀ. ತಲೆಗೆ ಸ್ಟ್ರಾ ಹ್ಯಾಟ್ ಮೀಡಿಯಂ ತಗೊಳ್ಳಲೋ, ಲಾರ್ಜೋ? ನೋಡಿಟ್ಟ ಇನ್ನೊಂದು ಹ್ಯಾಟಿಗೆ ಸೈಜ್ 7¼ ಎಂದಿದೆ, ಅದೆಷ್ಟು?

ಮೀಡಿಯಂ 57–58, ಲಾರ್ಜ್ 59–60, ನಿಮ್ಮ ತಲೆ ನಡುವೆ ಸಿಕ್ಕಿಕೊಂಡಿದೆ. ಸ್ಟ್ರಾ ಹ್ಯಾಟ್ ಅಂದಿದ್ದೀರಲ್ಲ, ಲಾರ್ಜೇ ತಗೊಳ್ಳಿ. ಹುಲ್ಲಿನ ಹೆಣಿಗೆ ಬಟ್ಟೆಯಂತೆ ಹಿಗ್ಗುವುದಿಲ್ಲ; ಬಿಗಿಯಾದರೆ ಹಣೆ ಮೇಲೆ ಕೆಂಪು ಗೆರೆ, ಆಮೇಲೆ ತಲೆನೋವು. ಸಡಿಲವಾದರೆ ದಾರಿ ಇದೆ: ಒಳಗಿನ ಬೆವರುಪಟ್ಟಿ ಮಡಚಿ, ಅದರ ಹಿಂದೆ 2–3 ಮಿ.ಮೀ. ದಪ್ಪದ ಫೋಮ್ ಪಟ್ಟಿ ಸಿಕ್ಕಿಸಿ. ಮೊದಲು ಹಿಂಬದಿಗೆ ಮಾತ್ರ, ಸಾಲದಿದ್ದರೆ ಹಣೆಯ ಕಡೆಗೂ.

ಆರ್ಡರ್ ಹಾಕುವ ಮುಂಚೆ ಇನ್ನೊಮ್ಮೆ ಅಳೆದುಬಿಡಿ. ಟೇಪು ಹಣೆಯ ನಡುವೆ, ಕಿವಿಯಿಂದ ಒಂದು ಬೆರಳು ಮೇಲೆ, ಹಿಂದೆ ತಲೆಬುರುಡೆ ಉಬ್ಬಿರುವ ಕಡೆ ಹಾಯಬೇಕು. ಹಿಂದೆ ಜಾರಿದರೆ ಒಂದು ಸೆಂ.ಮೀ. ಸಲೀಸಾಗಿ ತಪ್ಪುತ್ತದೆ. ದಿನಾ ಹೇಗೆ ಬಾಚುತ್ತೀರೋ ಹಾಗೇ ಬಾಚಿಕೊಂಡು ಅಳೆಯಿರಿ. ಎಣ್ಣೆ ಹಚ್ಚಿ ಒತ್ತಿದ ಕೂದಲಿನ ಲೆಕ್ಕ ಬೇರೆ.

ಇನ್ನೊಂದು ಹ್ಯಾಟಿಗೆ 7¼ ಎಂದಿದೆಯಲ್ಲ, ಅದು ಅಮೆರಿಕದ ನಂಬರ್ ಆದರೆ ಸುಮಾರು 58 ಸೆಂ.ಮೀ., ಬ್ರಿಟನ್ನಿನದಾದರೆ 59. ಮಾರುವವರನ್ನು ಸೆಂ.ಮೀ.ನಲ್ಲೇ ಕೇಳಿ. ‘ಫ್ರೀ ಸೈಜ್’ ಸಾಮಾನ್ಯವಾಗಿ 58ಕ್ಕೆ ಮುಗಿಯುತ್ತದೆ, ಹಿಂದೆ ಸ್ಟ್ರಾಪ್ ಇಲ್ಲದಿದ್ದರೆ ನಿಮಗದು ಬೇಡ.