ಎಂಪಿ ಪತ್ರ ಇದ್ದರೆ ಎನ್‌ಡಿಎ ಸೀಟು ಸಿಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ಮಗ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಾನೆ. ಸೇನೆಗೇ ಸೇರಬೇಕು ಅಂತ ಹಟ. ಅಮೆರಿಕದಲ್ಲಿರುವ ನಮ್ಮ ಷಡ್ಡಕರ ಮಗನಿಗೆ ಅಲ್ಲಿನ ಮಿಲಿಟರಿ ಅಕಾಡೆಮಿಯಲ್ಲಿ ಸೀಟು ಸಿಕ್ಕಿದೆ. ಅಲ್ಲಿನ ಎಂಪಿ ಅವನ ಹೆಸರು ಸೂಚಿಸಿದ್ದರಂತೆ. ನಮಗೂ ಒಬ್ಬ ರಾಜಕಾರಣಿ ಹತ್ತಿರದವರು. ಅವರಿಂದ ಒಂದು ಪತ್ರ ಬರೆಸಿಕೊಂಡರೆ ಎನ್‌ಡಿಎಗೆ, ಅಂದರೆ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಗೆ, ಅನುಕೂಲ ಆಗುತ್ತಾ? ಇನ್ನೊಬ್ಬರು ದುಡ್ಡು ಕೊಟ್ಟರೆ ಮಾಡಿಸಿಕೊಡ್ತೀನಿ ಅಂತಲೂ ಹೇಳುತ್ತಿದ್ದಾರೆ.
— ಒಬ್ಬ ತಂದೆ, ಮಂಡ್ಯ

ಉತ್ತರ: ದುಡ್ಡು ಕೇಳುವವರನ್ನು ಇವತ್ತೇ ಮನೆಯಿಂದ ದೂರ ಇಡಿ. ಪತ್ರವನ್ನೂ ಬರೆಸಬೇಡಿ. ನಮ್ಮ ಎನ್‌ಡಿಎಗೆ ಎಂಪಿ, ಎಂಎಲ್‌ಎ, ಮಂತ್ರಿ ಯಾರೂ ಹೆಸರು ಸೂಚಿಸುವ ಪದ್ಧತಿಯೇ ಇಲ್ಲ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ, ಅದರಲ್ಲಿ ಪಾಸಾದವರನ್ನು ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನಕ್ಕೆ ಕರೆಯುತ್ತಾರೆ, ಆಮೇಲೆ ಮೆಡಿಕಲ್, ಆಮೇಲೆ ಮೆರಿಟ್ ಪಟ್ಟಿ. ಅಷ್ಟೇ ದಾರಿ. ಪರೀಕ್ಷೆಗೆ ಸಂಬಂಧಪಟ್ಟವರ ಮೇಲೆ ಒತ್ತಡ ತಂದರೆ ಅಭ್ಯರ್ಥಿಯನ್ನೇ ಅನರ್ಹ ಮಾಡಬಹುದು ಅಂತ ಯುಪಿಎಸ್‌ಸಿ ನಿಯಮದಲ್ಲೇ ಇದೆ. ನೀವು ಒಳ್ಳೆಯದಾಗಲಿ ಅಂತ ಬರೆಸಿದ ಪತ್ರ ಮಗನ ಕುತ್ತಿಗೆಗೇ ಬಂದರೆ ಏನು ಮಾಡುತ್ತೀರಿ?

ಲೆಕ್ಕ ನೋಡಿ. ಗಣಿತಕ್ಕೆ 300 ಅಂಕ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಸೇರಿ 600. ಎಸ್‌ಎಸ್‌ಬಿಗೆ 900. ಅಂದರೆ ಅರ್ಧಕ್ಕರ್ಧ ಅಂಕ ಆ ಐದು ದಿನದ ಸಂದರ್ಶನದಲ್ಲೇ ಇದೆ. ನಮ್ಮ ಕಡೆಯ ಹುಡುಗರು ಎಡವುವುದು ಹೆಚ್ಚಾಗಿ ಇಲ್ಲೇ. ಬರವಣಿಗೆ ಪರೀಕ್ಷೆಗೆ ಕೋಚಿಂಗ್ ಸೇರುತ್ತಾರೆ, ಎಸ್‌ಎಸ್‌ಬಿಗೆ ಮಾತ್ರ ಯಾರೋ ಬರೆದುಕೊಟ್ಟ ಉತ್ತರ ಉರು ಹೊಡೆದು ಹೋಗುತ್ತಾರೆ.

ಅಲ್ಲಿ ಮೊದಲ ದಿನವೇ ಒಂದು ಸ್ಕ್ರೀನಿಂಗ್ ಇರುತ್ತದೆ. ಮಸುಕು ಮಸುಕಾದ ಒಂದು ಚಿತ್ರ ತೋರಿಸುತ್ತಾರೆ, ಅದರ ಮೇಲೆ ಕಥೆ ಬರೆದು, ಗುಂಪಿನಲ್ಲಿ ಕೂತು ಚರ್ಚೆ ಮಾಡಬೇಕು. ಅದರಲ್ಲಿ ಉಳಿಯದವರು ಅವತ್ತೇ ಊರಿಗೆ ವಾಪಸ್. ಉಳಿದವರಿಗೆ ಮನಃಶಾಸ್ತ್ರದ ಪರೀಕ್ಷೆಗಳು. 60 ಪದ ಒಂದಾದ ಮೇಲೊಂದು ಬರುತ್ತವೆ, ಒಂದೊಂದಕ್ಕೆ 15 ಸೆಕೆಂಡ್, ಅಷ್ಟರಲ್ಲಿ ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಆ ವೇಗದಲ್ಲಿ ಉರು ಹೊಡೆದದ್ದು ಎಲ್ಲಿ ನೆನಪಿಗೆ ಬರುತ್ತದೆ? ಆಮೇಲೆ ಮೈದಾನ. ಎದೆಗೆ ನಂಬರ್ ಕಟ್ಟಿಕೊಂಡು ಹಲಗೆ, ಹಗ್ಗ, ಮರದ ದಿಮ್ಮಿ ಹಿಡಿದು ಗುಂಪಿನ ಜೊತೆ ಅಡೆತಡೆ ದಾಟಬೇಕು. ಜಾಸ್ತಿ ಕೂಗಾಡಿದವನೇ ಲೀಡರ್ ಅಂತ ಅಲ್ಲ. ಹಿಂದೆ ಬಿದ್ದವನಿಗೆ ಕೈ ಕೊಟ್ಟು, ಕೆಲಸವನ್ನೂ ಮುಗಿಸುವವನು ಅವರಿಗೆ ಬೇಕು.

ನನ್ನ ಹತ್ತಿರ ಸಲಹೆಗೆ ಬಂದಿದ್ದ ಪಾಂಡವಪುರದ ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. "ನೀನು ಯಾವತ್ತಾದರೂ ಮುಂದೆ ನಿಂತು ಏನಾದರೂ ಮಾಡಿದ್ದೀಯಾ?" ಅಂದೆ. "ಏನೂ ಇಲ್ಲ ಸರ್" ಅಂದ. ಮಾತಾಡುತ್ತಾ ಹೋದ ಹಾಗೆ ಹೊರಗೆ ಬಂತು. ಬೇಸಿಗೆಯಲ್ಲಿ ನಾಲೆ ನೀರಿಗೆ ಅವರ ಕೇರಿಯಲ್ಲಿ ಜಗಳ ಆಗಿ, ಅಪ್ಪನಿಗೆ ಹುಷಾರಿಲ್ಲದ ಕಾರಣ ಇವನೇ ರಾತ್ರಿ ಬ್ಯಾಟರಿ ಹಿಡಿದು ಗದ್ದೆಗೆ ಹೋಗಿ, ಎಂಟು ಮನೆಯವರನ್ನು ಕೂರಿಸಿ ಯಾರಿಗೆ ಯಾವ ಹೊತ್ತು ನೀರು ಅಂತ ಒಂದು ನೋಟ್‌ಬುಕ್ಕಲ್ಲಿ ಸರದಿ ಬರೆದಿದ್ದ. ಆ ನೋಟ್‌ಬುಕ್ ತಂದು ತೋರಿಸಿದ. ಕೆಸರು ಮೆತ್ತಿದ ಹಾಳೆ, ಪ್ರತಿ ಹೆಸರಿನ ಮುಂದೆ ಗಂಟೆ, ಕೊನೆಯಲ್ಲಿ ತನ್ನ ಮನೆ ಹೆಸರು. ಇದಕ್ಕಿಂತ ದೊಡ್ಡ ಶಿಫಾರಸು ಪತ್ರ ಯಾರು ಕೊಟ್ಟಾರು? ಇದನ್ನೇ ಹೇಳು, ಹೀಗೇ ಹೇಳು ಅಂದೆ. ನಿಮ್ಮ ಮಗನ ಬದುಕಿನಲ್ಲೂ ಇಂಥದ್ದು ಇದ್ದೇ ಇರುತ್ತದೆ. ಕೂತು ಹುಡುಕಿ.

ಇನ್ನು ಇಂಗ್ಲಿಷ್. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿ ಇಲ್ಲ. ಇದು ನನಗೆ ಬೇಜಾರಿನ ವಿಷಯವೇ, ಆದರೆ ಮಗನಿಗೆ ಈಗ ಬೇಕಾದ್ದು ಅಭ್ಯಾಸ. ದಿನಾ ಅರ್ಧ ಗಂಟೆ ಇಂಗ್ಲಿಷ್ ಪೇಪರ್ ಜೋರಾಗಿ ಓದಿಸಿ, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿಸಿ. ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗ ಅಂಕ ಕಳೆಯುತ್ತಾರೆ, ಸುಮ್ನೆ ಊಹೆ ಮಾಡಿ ಗುರುತು ಹಾಕಬಾರದು ಅಂತಲೂ ಹೇಳಿ. ವಾಯುಪಡೆಯ ಆಯ್ಕೆ ಮಂಡಳಿ ಒಂದು ನಮ್ಮ ಮೈಸೂರಲ್ಲೇ ಇದೆ. ಪೈಲಟ್ ಆಗಬೇಕು ಅಂದರೆ ಕಂಪ್ಯೂಟರ್ ಮುಂದೆ ಇನ್ನೊಂದು ಪರೀಕ್ಷೆ ಇದೆ, ಅದಕ್ಕೆ ಜೀವನದಲ್ಲಿ ಒಂದೇ ಅವಕಾಶ. ನಿದ್ದೆಗೆಟ್ಟು ಹೋಗಬಾರದು.

ಪ್ರಶ್ನೆ: ಮೊಮ್ಮಗಳು ಟೆಕ್ಸಾಸ್‌ನಲ್ಲಿ ಹುಟ್ಟಿ ಬೆಳೆದವಳು, ಈಗ 11ನೇ ಕ್ಲಾಸು. ವೆಸ್ಟ್ ಪಾಯಿಂಟ್‌ಗೆ, ಅಂದರೆ ಅಲ್ಲಿನ ಭೂಸೇನೆಯ ಅಕಾಡೆಮಿಗೆ, ಸೇರಬೇಕಂತೆ. ಅದಕ್ಕೆ ನಾಮನಿರ್ದೇಶನ ಬೇಕು ಅನ್ನುತ್ತಾಳೆ. ನಮ್ಮ ಯಜಮಾನರು ಇಲ್ಲಿ ಸೇನೆಯಲ್ಲಿದ್ದರು. ಅದು ಅವಳಿಗೆ ನೆರವಾಗುತ್ತಾ?
— ಒಬ್ಬ ಅಜ್ಜಿ, ಕುವೆಂಪುನಗರ, ಮೈಸೂರು

ಉತ್ತರ: ಅಮ್ಮಾ, ಮೊಮ್ಮಗಳು ಹೇಳಿದ್ದು ಸರಿ. ಅಲ್ಲಿ ನಾಮನಿರ್ದೇಶನ ಅನ್ನುವುದು ವಶೀಲಿ ಅಲ್ಲ, ಕಾನೂನಿನಲ್ಲೇ ಇರುವ ಒಂದು ಹಂತ. ಅಲ್ಲಿನ ಸಂಸತ್ತಿನ ಒಬ್ಬೊಬ್ಬ ಸೆನೆಟರ್ (ಮೇಲ್ಮನೆ ಸದಸ್ಯ), ಒಬ್ಬೊಬ್ಬ ಪ್ರತಿನಿಧಿಯ (ಕೆಳಮನೆ ಸದಸ್ಯ) ಲೆಕ್ಕದಲ್ಲಿ ಒಂದು ಅಕಾಡೆಮಿಯಲ್ಲಿ ಒಂದು ಹೊತ್ತಿಗೆ ಐದು ಜನ ಇರಬಹುದು. ಹಾಗಾಗಿ ಅವಳು ತನ್ನ ಕ್ಷೇತ್ರದ ಪ್ರತಿನಿಧಿಗೂ, ರಾಜ್ಯದ ಇಬ್ಬರು ಸೆನೆಟರ್‌ಗಳಿಗೂ, ಮೂವರಿಗೂ ಬೇರೆ ಬೇರೆ ಅರ್ಜಿ ಹಾಕಬೇಕು. ಒಬ್ಬರಿಗೆ ಹಾಕಿ ಕಾಯುತ್ತಾ ಕೂರಬಾರದು. ಅಲ್ಲಿ ಹುಟ್ಟಿದವಳು, ಪೌರತ್ವದ ತೊಂದರೆ ಇಲ್ಲ. ಗ್ರೀನ್ ಕಾರ್ಡ್ ಇದ್ದಿದ್ದರೆ ಸಾಲುತ್ತಿರಲಿಲ್ಲ.

ಯಜಮಾನರ ಸೇವೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಧ್ಯಕ್ಷರ ಹೆಸರಿನಲ್ಲಿ ಬೇರೆ ಒಂದು ನಾಮನಿರ್ದೇಶನ ಇದೆ, ಅದು ಅಮೆರಿಕದ ಸೇನೆಯಲ್ಲಿ ದುಡಿದವರ ಮಕ್ಕಳಿಗೆ. ಆದರೆ ಸೇನೆಗೆ ಯಾಕೆ ಸೇರುತ್ತೀಯಾ ಅಂತ ಅವಳನ್ನು ಕೇಳುವವರು ಕೇಳಿಯೇ ಕೇಳುತ್ತಾರೆ. ತಾತನ ಕಥೆ ಅವಳ ಮನಸ್ಸಿನಲ್ಲಿ ನಿಜವಾಗಿ ಕೂತಿದ್ದರೆ ಧಾರಾಳವಾಗಿ ಹೇಳಲಿ. ಅವರ ಹಳೇ ಫೋಟೋ, ಕಾಗದ ಇದ್ದರೆ ವಿಡಿಯೋ ಕಾಲ್‌ನಲ್ಲಿ ತೋರಿಸಿ, ಎಲ್ಲಿದ್ದರು, ಏನು ಮಾಡುತ್ತಿದ್ದರು ಅಂತ ನೀವೇ ಹೇಳಿ.

ಸಮಯದ ಬಗ್ಗೆ ಎಚ್ಚರ ಇರಲಿ. 11ನೇ ಕ್ಲಾಸಿನ ಕೊನೆಗೇ ಕೆಲಸ ಶುರುವಾಗಬೇಕು. ನಾಮನಿರ್ದೇಶನದ ಅರ್ಜಿಗೆ ಒಬ್ಬೊಬ್ಬರ ಕಚೇರಿಗೆ ಒಂದೊಂದು ಕೊನೇ ದಿನಾಂಕ, ಸಾಮಾನ್ಯವಾಗಿ 12ನೇ ಕ್ಲಾಸಿನ ಮೊದಲ ಕೆಲವು ತಿಂಗಳಲ್ಲೇ ಮುಗಿದುಹೋಗುತ್ತದೆ. ವೆಸ್ಟ್ ಪಾಯಿಂಟ್‌ಗೆ ಬೇರೆಯೇ ಅರ್ಜಿ. ಅದರ ಜೊತೆ ಮೆಡಿಕಲ್ ಮತ್ತು ದೈಹಿಕ ಪರೀಕ್ಷೆ. ಇದರಲ್ಲಿ ಮಂಡಿಯೂರಿ ಬಾಸ್ಕೆಟ್‌ಬಾಲ್ ಎಸೆಯುವುದು, ಪುಷ್ಅಪ್, ಒಂದು ಮೈಲಿ ಓಟ ಎಲ್ಲ ಇರುತ್ತದೆ. ನಾಮನಿರ್ದೇಶನ ಸಿಕ್ಕಿತು ಅಂದರೆ ಸೀಟು ಸಿಕ್ಕಿತು ಅಂತಲ್ಲ. ಅಕಾಡೆಮಿ ಆರಿಸಬೇಕು. ಮೇಲೆ ಬರೆದಿರುವ ಮಂಡ್ಯದ ಅಪ್ಪನಿಗೂ ಇದು ಗೊತ್ತಾಗಲಿ, ಅವರ ಷಡ್ಡಕರ ಮಗ ಬರೀ ಎಂಪಿ ಮಾತಿನಿಂದ ಒಳಗೆ ಹೋದವನಲ್ಲ. ಓದು ಮುಗಿದ ಮೇಲೆ ಕನಿಷ್ಠ ಐದು ವರ್ಷ ಸೇನೆಯಲ್ಲಿ ಕೆಲಸ ಮಾಡಬೇಕು ಅನ್ನುವುದನ್ನೂ ಮನೆಯವರು ಮೊದಲೇ ಕೂತು ಮಾತಾಡಿಕೊಳ್ಳಿ.

ಪ್ರಶ್ನೆ: ನಾನು ಫಸ್ಟ್ ಪಿಯುಸಿ ಆರ್ಟ್ಸ್ ಹುಡುಗಿ. ಎನ್‌ಡಿಎಗೆ ಹಾಕಬಹುದಾ ಸರ್?
— ಮದ್ದೂರಿನ ವಿದ್ಯಾರ್ಥಿನಿ

ಉತ್ತರ: ಹಾಕಬಹುದು ಮಗಳೇ. 2021ರಲ್ಲಿ ಸುಪ್ರೀಂ ಕೋರ್ಟ್ ಹುಡುಗಿಯರೂ ಪರೀಕ್ಷೆ ಬರೆಯಲಿ ಅಂದಿತು, 2022ರಲ್ಲಿ ಮೊದಲ ತಂಡ ಎನ್‌ಡಿಎ ಇರುವ ಖಡಕ್‌ವಾಸ್ಲಾಕ್ಕೆ ಹೋಯಿತು, 2025ರ ಮೇ ತಿಂಗಳಲ್ಲಿ 17 ಹುಡುಗಿಯರು ತರಬೇತಿ ಮುಗಿಸಿ ಹೊರಬಂದರು. ಭೂಸೇನೆಗೆ ಯಾವ ವಿಷಯದ ಪಿಯುಸಿ ಆದರೂ ನಡೆಯುತ್ತದೆ. ನೌಕಾಪಡೆ, ವಾಯುಪಡೆಗೆ ಮಾತ್ರ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಬೇಕು. ಸೆಕೆಂಡ್ ಪಿಯುಸಿಯಲ್ಲಿ ಇರುವಾಗಲೇ ಅರ್ಜಿ ಹಾಕಬಹುದು, ಹುಡುಗಿಯರಿಗೆ ಫೀಸೂ ಇಲ್ಲ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗೆ ಇರಬೇಕು. ಆದರೆ 300 ಅಂಕದ ಗಣಿತ ಪತ್ರಿಕೆಯನ್ನು ಆರ್ಟ್ಸ್‌ನವರೂ ಬರೆಯಲೇಬೇಕು. ಪಕ್ಕದ ಮನೆಯ ಸೈನ್ಸ್ ಹುಡುಗರ ಹತ್ತಿರ ಪಿಯುಸಿ ಗಣಿತದ ಪುಸ್ತಕ ಈ ವಾರವೇ ತೆಗೆದುಕೋ. ಟ್ರಿಗನಾಮೆಟ್ರಿಯಿಂದ ಶುರು ಮಾಡು. ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ನನಗೆ ಬರೆ.