ರೇಡಿಯೊ ನಿಯಂತ್ರಿತ ಮಾದರಿ ವಿಮಾನಕ್ಕೆ ಲಿಥಿಯಂ-ಅಯಾನ್ ಬ್ಯಾಟರಿ ಪ್ಯಾಕ್ ಹೊಂದುತ್ತದೆಯೇ?

ಹೊಂದುತ್ತದೆ, ಆದರೆ ಕೊಳ್ಳುವ ಮೊದಲು ನಿಮ್ಮ ಮೋಟಾರು ಪೂರ್ಣ ಥ್ರಾಟಲ್‌ನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬುದನ್ನು ವಾಟ್‌ಮೀಟರ್‌ನಿಂದ ಅಳೆದುಕೊಳ್ಳಲೇಬೇಕು. 18650 ಅಳತೆಯ (18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದದ ಕೊಳವೆಯಾಕಾರದ) 3000 ಎಂಎಎಚ್ ಲಿಥಿಯಂ-ಅಯಾನ್ ಸೆಲ್ ಒಂದು ಸುಮಾರು 48 ಗ್ರಾಂ ತೂಗುತ್ತದೆ. ಒಳ್ಳೆಯ ದರ್ಜೆಯದೂ ನಿರಂತರವಾಗಿ ಕೊಡಬಲ್ಲದ್ದು 15 ಆಂಪಿಯರ್ ಆಸುಪಾಸು. ಮೂರನ್ನು ಸರಣಿಯಲ್ಲಿ ಜೋಡಿಸಿದರೆ ವೋಲ್ಟೇಜ್ ಹೆಚ್ಚುತ್ತದೆಯೇ ಹೊರತು ಈ ಮಿತಿ ಹೆಚ್ಚುವುದಿಲ್ಲ. ಆದ್ದರಿಂದ 6–8 ಆಂಪಿಯರ್‌ನಲ್ಲಿ ನಿಧಾನವಾಗಿ ತೇಲುವ ಗ್ಲೈಡರಿಗೆ ಇದು ನಿಜಕ್ಕೂ ಸೊಗಸಾದ ಆಯ್ಕೆ, ಏಕೆಂದರೆ ಅಷ್ಟೇ ತೂಕದ ಲಿಥಿಯಂ-ಪಾಲಿಮರ್ ಪ್ಯಾಕ್‌ಗಿಂತ ಹೆಚ್ಚು ಹೊತ್ತು ಹಾರಿಸುತ್ತದೆ. 30 ಆಂಪಿಯರ್ ಬೇಡುವ, ಲಾಗ ಹಾಕುವ ವಿಮಾನಕ್ಕಾದರೆ 2200 ಎಂಎಎಚ್, 25ಸಿ ಲಿಥಿಯಂ-ಪಾಲಿಮರನ್ನೇ ಕೊಳ್ಳಿ. 25ಸಿ ಎಂದರೆ ಆಂಪಿಯರ್-ಅವರ್‌ನಲ್ಲಿ ಹೇಳಿದ ಸಾಮರ್ಥ್ಯದ 25 ಪಟ್ಟು ಆಂಪಿಯರ್ ಕೊಡಬಲ್ಲದು ಎಂದರ್ಥ. ಆದರೆ 2.2ನ್ನು (2200 ಎಂಎಎಚ್ ಎಂದರೆ 2.2 ಆಂಪಿಯರ್-ಅವರ್) 25ರಿಂದ ಗುಣಿಸಿದಾಗ ಬರುವ 55 ಆಂಪಿಯರ್ ಲೇಬಲ್ಲಿನ ಲೆಕ್ಕವಾದ್ದರಿಂದ ಅದರಲ್ಲಿ ಶೇ. 60ರಷ್ಟನ್ನು ಮಾತ್ರ ನೆಚ್ಚುವುದು ಕ್ಷೇಮ. ಉಬ್ಬಿದ ಪ್ಯಾಕನ್ನು ದಯವಿಟ್ಟು ಮತ್ತೆ ಚಾರ್ಜ್ ಮಾಡಬೇಡಿ.