ಸಂಪಾದಕರ ಉತ್ತರ: ಬ್ಲೇಕ್ ಗೆರೆ ಯಾಕೆ ಹಾಗೆ?

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ ಇಷ್ಟು: ನಾಲ್ಕನೇ ತರಗತಿಯ ಮಗಳು ಶಾಲೆಯ ಲೈಬ್ರರಿಯಿಂದ ರೋಲ್ಡ್ ಡಾಲ್ ಅವರ ‘ದಿ ಬಿಎಫ್‌ಜಿ’ (ಬಿಗ್ ಫ್ರೆಂಡ್ಲಿ ಜೈಂಟ್, ಅಂದರೆ ಸ್ನೇಹದ ದೊಡ್ಡ ದೈತ್ಯನ ಕಥೆ) ತಂದಿದ್ದಾಳೆ. ಅದಕ್ಕೆ ಬ್ರಿಟಿಷ್ ಚಿತ್ರಕಾರ ಕ್ವೆಂಟಿನ್ ಬ್ಲೇಕ್ ಬರೆದ ಚಿತ್ರಗಳು ಓಡುವ ಬಸ್ಸಿನಲ್ಲಿ ಕೂತು ಗೀಚಿದ ಹಾಗಿವೆ. ಅವರ ಬೇರೆ ಪುಸ್ತಕಗಳಲ್ಲಿ ಬಣ್ಣವೂ ಗೆರೆಯೊಳಗೆ ನಿಲ್ಲುವುದಿಲ್ಲ. ಇಂಥವರಿಗೆ ‘ಸರ್’ ಪದವಿ ಹೇಗೆ ಸಿಕ್ಕಿತು? ಮಗಳೂ ಹಾಗೇ ಗೀಚತೊಡಗಿದ್ದಾಳೆ, ಆ ಚಾಳಿ ಬಿಡಿಸಬೇಕೋ, ಹಾಗೇ ಗೀಚಲು ಬಿಡಬೇಕೋ?

ಗೀಚಲು ಬಿಡಿ. ಆದರೆ ಆ ಗೆರೆ ಹುಟ್ಟುವುದು ಹೇಗೆಂದು ಅವಳಿಗೆ ತೋರಿಸಿ.

ನಿಮ್ಮ ಕಣ್ಣು ಸುಳ್ಳು ಹೇಳಿಲ್ಲ, ಅವಸರ ಕಾಣುತ್ತದೆ. ಅದರ ಹಿಂದೆ ಬಿದ್ದಿರುವ ಹಾಳೆಗಳ ರಾಶಿ ಕಾಣುವುದಿಲ್ಲ, ಅಷ್ಟೆ. ಬ್ಲೇಕ್ ಮೊದಲು ಮಾಮೂಲಿ ಕಾಗದದ ಮೇಲೆ ಕರಡು ಬರೆಯುತ್ತಾರೆ: ಯಾರು ಎಲ್ಲಿ ನಿಂತಿದ್ದಾರೆ, ಪುಟದಲ್ಲಿ ಅಕ್ಷರಕ್ಕೆ ಎಷ್ಟು ಜಾಗ ಬಿಡಬೇಕು ಇತ್ಯಾದಿ. ಅದನ್ನು ಲೈಟ್ ಬಾಕ್ಸಿನ (ಕೆಳಗಿನಿಂದ ದೀಪ ಹಾಯುವ ಗಾಜಿನ ಪೆಟ್ಟಿಗೆ) ಮೇಲಿಟ್ಟು, ಮೇಲೆ ಜಲವರ್ಣದ ದಪ್ಪ ಹಾಳೆ ಹಾಸುತ್ತಾರೆ. ಕೆಳಗಿನ ಕರಡು ಮಸುಕುಮಸುಕಾಗಿ ಕಂಡರೆ ಸಾಕು. ಚೆನ್ನಾಗಿ ಕಂಡರೆ ಕೈ ನಕಲಿಗೆ ಇಳಿಯುತ್ತದೆ, ಗೆರೆ ಸತ್ತುಹೋಗುತ್ತದೆ. ಹಾಗಾಗಿ ಕರಡು ಬರೀ ದಾರಿ ತೋರಿಸಬೇಕು, ಚಿತ್ರ ಆ ಕ್ಷಣಕ್ಕೇ ಹೊಸದಾಗಿ ಹುಟ್ಟಬೇಕು.

ಇನ್ನೊಂದು ಗುಟ್ಟು: ಅತಿ ಕಷ್ಟದ ಭಾಗವೇ ಮೊದಲು. ಒಂದು ಮುಖಭಾವ ಇರಬಹುದು, ದೇಹ ವಾಲಿದ ಭಂಗಿ ಇರಬಹುದು. ಅದು ಕೆಟ್ಟರೆ ಹಾಳೆ ಪಕ್ಕಕ್ಕೆ, ಇನ್ನೊಂದು ಹಾಳೆ. ಕುರ್ಚಿ ಮೇಜುಗಳನ್ನೆಲ್ಲ ಮುಗಿಸಿ ಕೊನೆಗೆ ಮುಖ ಕೆಡಿಸಿಕೊಳ್ಳುವ ಸಂಕಟ ಚಿತ್ರ ಬರೆಯುವ ಎಲ್ಲರಿಗೂ ಗೊತ್ತು.

ಪುಸ್ತಕವನ್ನು ಮತ್ತೆ ತೆರೆದು ಕಣ್ಣುಗಳನ್ನು ನೋಡಿ. ಹೆಚ್ಚಿನವು ಬರೀ ಚುಕ್ಕೆ. ಚುಕ್ಕೆ ಒಂದು ಕೂದಲೆಳೆ ಸರಿದರೂ ಹೆದರಿಕೆ ಹೋಗಿ ಕುತೂಹಲ ಬಂದುಬಿಡುತ್ತದೆ. ಉಳಿದ ಮಾತನ್ನೆಲ್ಲ ಭುಜ, ಮೊಣಕಾಲು, ಬೆರಳುಗಳೇ ಆಡುತ್ತವೆ. ಇದು ಕಲಿಯದೆ ಬಂದದ್ದೂ ಅಲ್ಲ. 1932ರಲ್ಲಿ ಹುಟ್ಟಿದ ಬ್ಲೇಕ್ ಕೇಂಬ್ರಿಡ್ಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ. ಆದರೆ ಲಂಡನ್ನಿನ ಚೆಲ್ಸಿ ಕಲಾಶಾಲೆಯಲ್ಲಿ ಮಾಡೆಲ್ ಎದುರು ಕೂತು ಮನುಷ್ಯದೇಹ ಬರೆದು ಕೈ ಪಳಗಿಸಿಕೊಂಡರು. ಮುಂದೆ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಇಲಸ್ಟ್ರೇಷನ್ (ಪುಸ್ತಕಚಿತ್ರ) ವಿಭಾಗದ ಮುಖ್ಯಸ್ಥರೂ ಆದರು. 1980ರ ಪುಸ್ತಕ ‘ಮಿಸ್ಟರ್ ಮ್ಯಾಗ್ನೋಲಿಯಾ’ಕ್ಕೆ ಮಕ್ಕಳ ಪುಸ್ತಕಚಿತ್ರಗಳ ಗ್ರೀನ್‌ವೇ ಪದಕ, 2002ರಲ್ಲಿ ಮಕ್ಕಳ ಸಾಹಿತ್ಯದ ಅಂತರರಾಷ್ಟ್ರೀಯ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ, ‘ಸರ್’ ಬಂದದ್ದು 2013ರಲ್ಲಿ.

ನಿಮ್ಮ ಮಗಳ ಕೈಯಲ್ಲಿರುವ ಪುಸ್ತಕದ್ದೇ ಒಂದು ಕಥೆಯಿದೆ. ‘ಬಿಎಫ್‌ಜಿ’ 1982ರದು. ಪ್ರಕಾಶಕರು ಮೊದಲು ಕೇಳಿದ್ದು 12 ಚಿತ್ರ ಮಾತ್ರ. ಡಾಲ್‌ಗೆ ಅಷ್ಟು ಸಾಲಲಿಲ್ಲ, ಬ್ಲೇಕ್ ಮತ್ತೆ ಬರೆಯಲು ಕೂತರು. ಡಾಲ್ ಬರೆದಿದ್ದ ಕಥೆಯಲ್ಲಿ ದೈತ್ಯನಿಗೆ ಏಪ್ರನ್ನೂ ದೊಡ್ಡ ಬೂಟುಗಳೂ ಇದ್ದವು. ಓಡುವ, ಜಿಗಿಯುವ ದೈತ್ಯನಿಗೆ ಏಪ್ರನ್ ಅಡ್ಡ ಬರುತ್ತಿತ್ತು, ತೆಗೆದರು. ಬೂಟಿನ ಬದಲು ಏನು? ಸ್ವಲ್ಪ ದಿನಕ್ಕೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು: ಒಳಗೆ ಡಾಲ್ ಅವರದೇ ಹಳೆಯ ನಾರ್ವೆ ಚಪ್ಪಲಿ, ಒಂದೇ ಕಾಲಿನದು. ದೈತ್ಯನ ಕಾಲಲ್ಲಿ ಈಗ ಇರುವುದು ಅದೇ.

ಇನ್ನು ಲೈಟ್ ಬಾಕ್ಸನ್ನು ಮನೆಯಲ್ಲೇ ಮಾಡುವ ಬಗೆ. ಎರಡು ಸ್ಟೂಲಿನ ಮೇಲೆ ಅಂಚು ಉಜ್ಜಿದ ದಪ್ಪ ಗಾಜು, ಕೆಳಗೊಂದು ಎಲ್‌ಇಡಿ ಬಲ್ಬು. ಹಳೆಯ ಬುರುಡೆ ಬಲ್ಬು ಬೇಡ, ಅದರ ಕಾವಿಗೆ ಹಾಳೆ ಸುರುಳಿ ಸುತ್ತುತ್ತದೆ. ಕರಡನ್ನು ಪೆನ್ಸಿಲ್ಲಿಗಿಂತ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಬರೆಯಲಿ. ಕೋಣೆಯ ದೀಪ ಆರಿಸಿದರೆ ದಪ್ಪನೆಯ 200 ಜಿಎಸ್‌ಎಂ ಹಾಳೆಯ ಮೂಲಕವೂ ತಕ್ಕಷ್ಟು ಕಾಣುತ್ತದೆ.

ಎಡವುವುದು ಶಾಯಿಯಲ್ಲಿ. ಮಾಮೂಲಿ ಫೌಂಟನ್ ಪೆನ್ ಶಾಯಿಯ ಮೇಲೆ ಒದ್ದೆ ಬ್ರಷ್ ಎಳೆದರೆ ಗೆರೆ ಕರಗಿ ಮುಖವೆಲ್ಲ ಬೂದುಬಣ್ಣವಾಗುತ್ತದೆ. ನೀರಿಗೆ ಕರಗದ ಇಂಡಿಯನ್ ಇಂಕ್ ತನ್ನಿ, ಆದರೆ ಅದನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ, ಒಣಗಿ ಕಟ್ಟಿಕೊಂಡು ಪೆನ್ನು ಹೋಗುತ್ತದೆ. ಹಿಡಿಗೆ ಸಿಕ್ಕಿಸಿ ಅದ್ದಿ ಬರೆಯುವ ನಿಬ್ ಬೇಕು. ಹೊಸ ನಿಬ್ಬಿನ ಮೇಲೆ ಎಣ್ಣೆಯ ಪಸೆ ಇರುತ್ತದೆ, ಶಾಯಿ ಹನಿಹನಿಯಾಗಿ ಜಾರುತ್ತದೆ. ಸೋಪುನೀರಿನಲ್ಲಿ ಒರೆಸಿದರೆ ಸರಿಹೋಗುತ್ತದೆ. ಮೇಲಕ್ಕೆ ತಳ್ಳಿದಾಗ ನಿಬ್ ಕಾಗದದ ನಾರಿಗೆ ಸಿಕ್ಕಿ ಚಿಮ್ಮುವುದುಂಟು. ಅದಕ್ಕೆ ಬೇಸರ ಬೇಡ, ಆ ಕೆರೆತವೂ ಬ್ಲೇಕ್ ಗೆರೆಯ ಒಂದು ಅಂಗವೇ.

ಶಾಯಿ ಪೂರ್ತಿ ಒಣಗಿದ ಮೇಲೆ ನೀರುನೀರಾದ ಬಣ್ಣ. ಗೆರೆಯವರೆಗೂ ತುಂಬಬೇಕಿಲ್ಲ, ಅಲ್ಲಲ್ಲಿ ಬಿಳಿ ಉಳಿದರೆ ಅಲ್ಲಿ ಬೆಳಕು ಬಿದ್ದಂತಿರುತ್ತದೆ, ಅಂಚು ದಾಟಿದರೆ ಆಕೃತಿ ಅಲುಗಿದಂತೆ ಕಾಣುತ್ತದೆ. ಗೆರೆಯೊಳಗೇ ಬಣ್ಣ ತುಂಬಬೇಕೆನ್ನುವುದು ಶಾಲೆಯ ಚಿತ್ರಕಲಾ ಪರೀಕ್ಷೆಯ ನಿಯಮ, ಅಲ್ಲಿ ಹಾಗೇ ಮಾಡಲಿ. ಮನೆಯಲ್ಲಿ ರಬ್ಬರು ಮಾತ್ರ ಕೊಡಬೇಡಿ, ಹತ್ತು ಹಾಳೆ ಕೊಡಿ.